ಕೊಟ್ಟವರ ಕೈಗೇ

ಆ ಸಾಲುಮನೆಗಳ ಕೀಲಿಕೈಗಳೆಲ್ಲ ಒಂದೇ ಅಡುಗೆಮನೆಯ ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದವು. ಪರದೆ ಹೊಲಿಯುವ ಆ ಮನೆಯಾಕೆ ಇಡೀ ದಿನ ಮನೆಯಲ್ಲೇ ಇರುತ್ತಾಳೆಂದು ಕೆಲಸಕ್ಕೆ ಹೋಗುವವರು ತಮ್ಮ ಮನೆಯ ಇನ್ನೊಂದು ಕೀಲಿಯನ್ನು ಅವಳಲ್ಲಿ ಕೊಟ್ಟಿಡುತ್ತಿದ್ದರು. ಎಲ್ಲರೂ ಅವಳನ್ನು ಕೀಲಿಯಕ್ಕ ಎಂದೇ ಕರೆಯುತ್ತಿದ್ದರು. ಅವಳದು ಒಂದೇ ನಿಯಮ: ಯಾರ ಕೈಯಿಂದ ಬಂತೋ ಅವರ ಕೈಗೇ ವಾಪಸ್ಸು. ಒಮ್ಮೆ ಪಕ್ಕದ ಮನೆಯ ವಿಮೆ ಏಜೆಂಟನನ್ನೂ, ಕೀಲಿ ಕೊಟ್ಟಿದ್ದ ಹೆಂಡತಿ ಆಸ್ಪತ್ರೆಯ ಕೆಲಸ ಮುಗಿಸಿ ಬರುವ ತನಕ, ಅವನದೇ ಮನೆಯ ಮೆಟ್ಟಿಲ ಮೇಲೆ ಕೂರಿಸಿದ್ದಳು.

ಆ ಹೆಂಡತಿ, ನರ್ಸಮ್ಮ, ಹೋದ ವಾರ ಮಗಳ ಕೈ ಹಿಡಿದು ಉಟ್ಟ ಬಟ್ಟೆಯಲ್ಲೇ ತಂಗಿಯ ಮನೆಗೆ ಹೊರಟುಹೋಗಿದ್ದಳು. ಅವಳ ಕೈಚೀಲದಲ್ಲಿದ್ದ ಕೀಲಿಯನ್ನು ಗಂಡ ಕಿತ್ತಿಟ್ಟುಕೊಂಡಿದ್ದ. ಮಾರನೆಯ ಸಂಜೆಯೇ ಅವನು ಕೀಲಿಯಕ್ಕನ ಮನೆಗೆ ಬಂದು, ಡಿಪೋ ಗುಮಾಸ್ತನಾದ ಅವಳ ಗಂಡನ ಪಕ್ಕ ಕಾಲು ಚಾಚಿ ಕೂತ.

"ಅತ್ತಿಗೆ, ಅವಳು ಬಂದ್ರೆ ಕೀ ಕೊಡಬೇಡಿ. ಹಾಕ್ಕೊಳೋಕೆ ಬಟ್ಟೆ ಇಲ್ದಿದ್ರೆ ತಾನಾಗೇ ದಾರಿಗೆ ಬರ್ತಾಳೆ."

"ಮಗುಗೂ ಬಟ್ಟೆ ಇಲ್ವಲ್ಲ?"

"ಅದಕ್ಕೇ ಬೇಗ ಬರ್ತಾಳೆ."

"ಕೊಟ್ಟಿದ್ದು ಅವರು. ಅವರು ಕೇಳಿದ್ರೆ ಕೊಡ್ತೀನಿ."

"ಏ, ಇವಳ ಮಾತು ಬಿಡು ಮಾರಾಯ," ಎಂದು ಅವಳ ಗಂಡ ನಕ್ಕ. "ನಮ್ಮನೇಲೂ ರಿಸರ್ವ್ ಬ್ಯಾಂಕಿನ ಥರಾನೇ ನಿಯಮ." ಇಬ್ಬರೂ ನಕ್ಕರು. ಅವಳು ಕಾಫಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಇವತ್ತು ಬೆಳಿಗ್ಗೆ ನರ್ಸಮ್ಮ ಫೋನ್ ಮಾಡಿದ್ದಳು. ಮಗಳು ತಂಗಿಯ ಮಗನ ಅಂಗಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ, ಹುಡುಗರು ಆಡಿಕೊಳ್ಳುತ್ತಿದ್ದಾರೆ, ಮಧ್ಯಾಹ್ನ ಬರುತ್ತೇನೆ ಎಂದಳು. "ಬಾಮ್ಮ, ಕೀ ಇಲ್ಲೇ ಇದೆ," ಎಂದಿದ್ದಳು ಕೀಲಿಯಕ್ಕ. ಬಂದವಳಿಗೆ ನೀರು ಕೊಟ್ಟು, ಅಡುಗೆಮನೆಗೆ ಹೋಗಿ ನೋಡಿದರೆ ಆ ಕೀಲಿಯ ಮೊಳೆ ಬೋಳಾಗಿತ್ತು.

ಡಿಪೋದಲ್ಲಿದ್ದ ತನ್ನ ಗಂಡನಿಗೆ ಫೋನ್ ಮಾಡಿದಳು.

"ಹೌದು, ನಾನೇ ಕೊಟ್ಟೆ," ಎಂದ ಅವನು. "ಅವನ ಮನೆ ಕೀ ಅವನಿಗೆ ಕೊಟ್ಟೆ. ಅದರಲ್ಲೇನು?"

"ನನ್ನನ್ನ ಒಂದು ಮಾತು ಕೇಳಿದ್ರಾ?"

"ನೀನು ಸ್ನಾನಕ್ಕೆ ಹೋಗಿದ್ದೆ."

ಅವಳು ಫೋನ್ ಇಟ್ಟಳು. ನರ್ಸಮ್ಮ ಚಪ್ಪಲಿ ಮೆಟ್ಟುತ್ತ, "ಹೋಗ್ಲಿ ಬಿಡಿ ಅಕ್ಕ, ನಿಮಗ್ಯಾಕೆ ತೊಂದರೆ," ಎಂದಾಗ ಕೀಲಿಯಕ್ಕನಿಗೆ ತಡೆಯಲಾಗಲಿಲ್ಲ. ನಂಬಿ ಕೊಟ್ಟವಳೇ ಸಮಾಧಾನ ಹೇಳಬೇಕೆ? ಅವಳ ಮುಂಗೈ ಹಿಡಿದುಕೊಂಡು ನೇರ ಪಕ್ಕದ ಮನೆಗೆ ನಡೆದಳು.

ಊಟಕ್ಕೆ ಬಂದಿದ್ದ ವಿಮೆಯವನು ಬಾಗಿಲಲ್ಲಿ ಅಡ್ಡ ನಿಂತ. "ಇದು ನಮ್ಮನೆ ವಿಷಯ ಅತ್ತಿಗೆ."

"ನಿಮ್ಮನೆ ವಿಷಯ ನನ್ನ ಅಡುಗೆಮನೆಗೆ ಯಾಕೆ ಕೈ ಹಾಕ್ತು?"

ಇಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಆ ಬೀದಿ ಕೇಳಿರಲಿಲ್ಲ. ಕಿಟಕಿಗಳು ತೆರೆದವು. ಎದುರುಮನೆಯ ಮೇಷ್ಟ್ರು ಜಗುಲಿಗೆ ಬಂದು ಗಂಟಲು ಸರಿಮಾಡಿಕೊಂಡರು.

"ಗಂಡ ಹೆಂಡತಿ ಮಧ್ಯೆ ನೀನ್ಯಾಕಮ್ಮ? ನಾಳೆ ಅವರು ಒಂದಾಗ್ತಾರೆ, ನೀನು ಕೆಟ್ಟೋಳಾಗ್ತೀಯ."

"ಆಗ್ತೀನಿ ಬಿಡಿ ಮೇಷ್ಟ್ರೇ. ನಿಮ್ಮನೆ ಕೀ ಕೂಡ ನನ್ನ ಹತ್ರಾನೇ ಇದೆ. ನಿಮ್ಮ ಸೊಸೆ ಕೊಟ್ಟಿದ್ದು. ನಾಳೆ ನಿಮ್ಮ ಮಗ ಬಂದು, ಅವಳು ಬೀದೀಲಿ ನಿಲ್ಲಲಿ, ಕೊಡಬೇಡಿ ಅಂದ್ರೆ ಕೇಳಬೇಕಾ? ಹೇಳಿ."

ಮೇಷ್ಟ್ರ ಬೆನ್ನ ಹಿಂದಿನಿಂದ ಸೊಸೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದು ನರ್ಸಮ್ಮನ ಪಕ್ಕ ನಿಂತಳು. ಮೂಲೆಮನೆಯ ಟೈಪಿಸ್ಟೂ ಬಂದಳು. ವಿಮೆಯವನು ಒಬ್ಬೊಬ್ಬರ ಮುಖವನ್ನೂ ನೋಡಿದ. ತನ್ನ ಹತ್ತಿರ ಪಾಲಿಸಿ ಮಾಡಿಸಿದವರೇ ಎಲ್ಲರೂ. ಪಕ್ಕಕ್ಕೆ ಸರಿದ.

ನರ್ಸಮ್ಮ ಮಗಳ ಬಟ್ಟೆ, ಪುಸ್ತಕ, ಬೂಟು, ತನ್ನ ಯೂನಿಫಾರ್ಮು ತುಂಬಿಕೊಳ್ಳುವವರೆಗೂ ಕೀಲಿಯಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ಆಟೋ ತಿರುವು ದಾಟಿದ ಮೇಲೆ ಮನೆಗೆ ಬಂದು, ಗೋಡೆಯ ಕೀಲಿಗಳನ್ನೆಲ್ಲ ಸೆರಗಿಗೆ ಹಾಕಿಕೊಂಡು ಮನೆಮನೆಗೂ ಹೋದಳು.

"ಯಾಕಕ್ಕ, ನಿಮ್ಮ ಹತ್ರಾನೇ ಇರ್ಲಿ," ಎಂದಳು ಮೇಷ್ಟ್ರ ಸೊಸೆ.

"ಬೇಡಮ್ಮ. ನನ್ನ ಮನೇಲಿ ಕೈ ಉದ್ದ ಇರೋರು ಒಬ್ಬರಿದ್ದಾರೆ."

ಸಂಜೆ ಗಂಡ ಬಂದಾಗ ಅವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಬೀದಿಯಲ್ಲೇ ಯಾರೋ ಅವನಿಗೆ ಸುದ್ದಿ ಮುಟ್ಟಿಸಿದ್ದರು.

"ಒಂದು ಕೀಗೋಸ್ಕರ ಇಷ್ಟು ರಾದ್ಧಾಂತಾನಾ? ಬೀದೀಲಿ ನನ್ನ ಮರ್ಯಾದೆ ತೆಗೆದೆ."

"ನನ್ನದು ನೀವು ಮನೇಲೇ ತೆಗೆದ್ರಿ. ಅದು ಯಾರಿಗೂ ಕಾಣಲ್ಲ, ಅಷ್ಟೇ."

ಅವನು ಅಡುಗೆಮನೆಗೆ ಹೋಗಿ, ಗೋಡೆ ತುಂಬ ಬರೀ ಮೊಳೆ ನೋಡಿ, ಏನೋ ಗೊಣಗುತ್ತ ಒಂದಕ್ಕೆ ತನ್ನ ಊಟದ ಡಬ್ಬಿಯ ಚೀಲ ನೇತುಹಾಕಿದ.

ಅವಳು ಎದ್ದು ಬಂದಳು. ಚೀಲವನ್ನು ಮೊಳೆಯಿಂದ ತೆಗೆದು ಅವನ ಕೈಗೇ ವಾಪಸ್ಸು ಕೊಟ್ಟಳು. ಒಳಗಿನ ಡಬ್ಬಿ ಇನ್ನೂ ತೊಳೆದಿರಲಿಲ್ಲ.