ಕೇಳಿಸಲಿಲ್ಲ ಎಂದು ಬರೆದರು

ಬೆನ್ನಿಗೆ ಕಲ್ಲಿನ ಚೂರೊಂದು ಬಂದು ಬಡಿಯಿತು. ರಿಫಾತ್ ತಿರುಗಲಿಲ್ಲ. ಎರಡನೆಯದು ಕಿವಿಯ ಹಿಂದೆ ಬಿತ್ತು. ಆಗ ತಿರುಗಿದ.

ಮೇಸ್ತ್ರಿ ಶಾಬಾನ್ ಮೂರನೆಯ ಚೂರು ಹಿಡಿದು ನಿಂತಿದ್ದ. ಮೂಗರನ್ನು ಅವನು ಕರೆಯುತ್ತಿದ್ದುದೇ ಹಾಗೆ.

"ಏನ್ಲಾ ಮೂಗ ಬಡ್ಡೆತ್ತದೆ, ಮಿಷಿನ್ ನಿಲ್ಸಿ ಯಾರ ಮದ್ವೆ ನೋಡ್ತಿದ್ದೀಯಾ?"

ರಿಫಾತನಿಗೆ ತುಟಿ ಓದುವುದು ಅಷ್ಟಕ್ಕಷ್ಟೆ. ಬೈಗುಳ ಮಾತ್ರ ಒಂದೂ ತಪ್ಪಿಹೋಗುತ್ತಿರಲಿಲ್ಲ. ಅವನು ನೆಲದ ಮೇಲೆ ಹಾದುಹೋಗಿದ್ದ ಕರೆಂಟಿನ ವೈರನ್ನು ತೋರಿಸಿದ. ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ಎದೆ ಹಿಡಿದು, ಕಣ್ಣು ಮೇಲೆ ಮಾಡಿ, ಸಾಯುತ್ತೇವೆ ಎಂದ. ಆ ವಾರದಲ್ಲಿ ಇದು ಮೂರನೆಯ ಸಲ.

"ಆಯ್ತು ಕಣ್ಲಾ, ಧಣಿ ಹಾಜಿ ಸಾಹೇಬ್ರಿಗೆ ಹೇಳಿವ್ನಿ. ಹೋಗ್, ಕೆಲ್ಸ ನೋಡ್ಹೋಗ್."

ಪಕ್ಕದ ಕಲ್ಲು ಕೊಯ್ಯುವ ಯಂತ್ರದ ಹತ್ತಿರ ಬದಾವಿ ನಗುತ್ತಿದ್ದ. ಮುಖಕ್ಕೆ ಸುತ್ತಿದ ಬಟ್ಟೆಯ ಮೇಲೆ ಕಣ್ಣೆರಡೇ ಕಾಣುತ್ತಿದ್ದವು. "ಮೇಸ್ತ್ರಿ ಬಾಯಿ ನೋಡ್ಲಾ" ಎಂದು ಕೈಯಲ್ಲೇ ಹೇಳಿದ, "ಒಂಟೆ ಮುಳ್ಳು ಮೇದಂಗೆ."

ಬದಾವಿಯೂ ಕಿವುಡ. ನೈಲ್ ನದಿಯ ಪೂರ್ವ ದಡದ ಈ ಬಿಳಿ ಕಲ್ಲುಗಣಿಗೆ ಇಬ್ಬರೂ ಒಂದೇ ಲಾರಿಯಲ್ಲಿ ಬರುತ್ತಿದ್ದರು. ಮಿನ್ಯಾ ಪಟ್ಟಣದಲ್ಲಿ ಕಿವುಡರು ಸೇರುವ ಸಂಘವೊಂದಿತ್ತು. ಬದಾವಿ ಕೈಮಾತು ಕಲಿತದ್ದು ಅಲ್ಲಿ. ಹತ್ತೊಂಬತ್ತು ವರ್ಷದವರೆಗೆ ರಿಫಾತನಿಗೆ ಮಾತೆಂಬುದೇ ಇರಲಿಲ್ಲ. ಅನ್ನಕ್ಕೊಂದು, ನೀರಿಗೊಂದು, ಹೊಡೆತಕ್ಕೊಂದು ಸನ್ನೆ, ಅಷ್ಟೆ. ಲಾರಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಬದಾವಿ ಅವನಿಗೆ ಒಂದೊಂದೇ ಮಾತು ಕೊಟ್ಟ. ನಿನ್ನೆ, ನಾಳೆ, ಯಾಕೆ. 'ಯಾಕೆ' ಬಂದ ದಿನ ರಿಫಾತ್ ಕೇಳಿದ್ದು ತನ್ನ ತಾಯಿಯನ್ನು. ಆರು ವರ್ಷದವನಿದ್ದಾಗ ನಾಲ್ಕು ಜನ ಅವಳನ್ನು ಹೊತ್ತು ಎಲ್ಲಿಗೋ ಹೋಗಿದ್ದರು. ಇನ್ನೂ ಯಾಕೆ ಬಂದಿಲ್ಲ?

ಬದಾವಿ ನಿಧಾನವಾಗಿ ಹೇಳಿದ್ದ. ಹದಿಮೂರು ವರ್ಷದ ಮೇಲೆ ರಿಫಾತ್ ತಾಯಿಗಾಗಿ ಅತ್ತ.

ಮೂರನೆಯ ಸಲ ವೈರು ತೋರಿಸಿದ ಅವತ್ತೇ, ಮಧ್ಯಾಹ್ನ ರೊಟ್ಟಿ, ಬೇಯಿಸಿದ ಅವರೆ ತಿಂದು ಎದ್ದು, ಬದಾವಿ ಯಂತ್ರವನ್ನು ಹೊಸ ಸಾಲಿಗೆ ತಳ್ಳುತ್ತಿದ್ದ. ರಿಫಾತನಿಗೆ ಅಂಗಾಲಿನಡಿಯ ಅದುರು ತಟ್ಟನೆ ನಿಂತದ್ದು ತಿಳಿಯಿತು. ತಲೆಯೆತ್ತಿ ನೋಡಿದರೆ, ಗೋಮಾ ಎಂಬ ಕೂಲಿಯವನು ಸ್ವಿಚ್ಚಿನ ಹತ್ತಿರ ಓಡಿ ಹಿಡಿ ಕೆಳಗೆಳೆದಿದ್ದ. ಬದಾವಿ ವೈರಿನ ಮೇಲೆ ಬೋರಲಾಗಿ ಬಿದ್ದಿದ್ದ. ಎಳೆದು ಅಂಗಾತ ಮಲಗಿಸಿದರು. ಬಲಗೈಯ ಬೆರಳುಗಳು ಅರ್ಧ ಮಡಿಸಿಕೊಂಡಿದ್ದವು. ಅದು ಯಾವ ಮಾತಿನ ಅರ್ಧವೋ ಎಂದು ರಿಫಾತ್ ನೋಡುತ್ತಲೇ ಕೂತ.

ಪೊಲೀಸ್ ಠಾಣೆಯಲ್ಲಿ ಅಧಿಕಾರಿ ಚಹಾ ಕುಡಿಯುತ್ತ, ತನ್ನ ಕಣ್ಣಿಗೆ ಬೆರಳು ತೋರಿಸಿ ಕೇಳಿದ: "ಸತ್ತಿದ್ದನ್ನ ಕಣ್ಣಲ್ಲಿ ನೋಡಿದ್ದು ಯಾರು?"

ರಿಫಾತನ ಕೈ ಮೇಲೆದ್ದಿತು.

"ಇವನಿಗೆ ಬಾಯೇ ಇಲ್ವಲ್ಲಯ್ಯ. ಇದನ್ನೆಲ್ಲಾ ಸಾಕ್ಷಿ ಅಂತ ಬರ್ಕೊಂಡ್ರೆ ನನ್ನ ನೋಡಿ ನಗ್ತಾರೆ."

"ಇವ್ನ ಭಾಷೆ ನನಗ್ ಗೊತ್ತು, ಸಾಹೇಬ್ರೆ. ನಾನ್ ಹೇಳ್ತೀನಿ, ಬರ್ಕಳಿ" ಎಂದ ಶಾಬಾನ್.

ರಿಫಾತ್ ವೈರನ್ನು ಹೇಳಿದ. ಸುಲಿದ ಸಿಪ್ಪೆಯನ್ನು ಹೇಳಿದ. ಮೂರು ಸಲ ಹೇಳಿದ್ದನ್ನು, ಯಾರಿಗೆ ಹೇಳಿದ್ದು ಎಂಬುದನ್ನು ಹೇಳಿ ಮೇಸ್ತ್ರಿಯ ಕಡೆ ಬೆರಳು ತೋರಿಸಿದ. ಅವನ ಕೈ ಇನ್ನೂ ಆಡುತ್ತಿರುವಾಗಲೇ ಅಧಿಕಾರಿ ಬರೆದು ಮುಗಿಸಿದ. ಶಾಯಿಯ ಡಬ್ಬಿ ಮುಂದೆ ಬಂತು.

ರಿಫಾತ್ ಬಾಗಿಲಲ್ಲಿ ನಿಂತಿದ್ದ ಗೋಮಾನನ್ನು ನೋಡಿದ. ಗೋಮಾ ಕಿವಿಯಿದ್ದವನು. ಆದರೂ ಕಲ್ಲು ಕೊಯ್ಯುವ ಗದ್ದಲದಲ್ಲಿ ಕೆಲಸ ಮಾಡಿ ಮಾಡಿ ಕೈಮಾತು ಕಲಿತಿದ್ದ. "ಏನ್ ಬರ್ದವ್ರೆ?" ಎಂದು ರಿಫಾತ್ ಕೈಯಲ್ಲೇ ಕೇಳಿದ.

ಗೋಮಾ ಸೊಂಟದ ಹತ್ತಿರ, ಯಾರಿಗೂ ಕಾಣದ ಹಾಗೆ ಬೆರಳಾಡಿಸಿದ. "ಮೇಸ್ತ್ರಿ ಕೂಗ್ದ. ಕಿವುಡ ಆಗಿದ್ರಿಂದ ಬದಾವಿಗೆ ಕೇಳಿಸ್ನಿಲ್ಲ. ಅವನ್ದೇ ತಪ್ಪು."

"ಆ ಗದ್ಲದಾಗೆ ನಿಂಗ್ ಕೇಳಿಸ್ತದಾ? ಯಾವನಿಗ್ ಕೇಳಿಸ್ತದೆ ಹೇಳ್ಲಾ!"

ಗೋಮಾ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ. ಅವನಿಗೆ ನಾಲ್ಕು ಹೆಣ್ಣುಮಕ್ಕಳು.

ರಿಫಾತ್ ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿದ. ಅಧಿಕಾರಿ ಕಾಗದ ಸರಿಸಿಕೊಟ್ಟ. ರಿಫಾತ್ ಐದು ಬೆರಳನ್ನೂ ಶಾಯಿಗೆ ಅದ್ದಿ, ಕಾಗದಕ್ಕೆ ಒತ್ತಿ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಎಳೆದುಬಿಟ್ಟ. ಒಂದಕ್ಷರವೂ ಉಳಿಯಲಿಲ್ಲ.

"ಬೋಳಿಮಗನೆ! ಬಾಯಿಲ್ಲದೋನಿಗೆ ಇಷ್ಟು ಕೊಬ್ಬಾ!"

ಕೆನ್ನೆಗೆ ಬಿತ್ತು. ಹೊಟ್ಟೆಗೆ ಬಿತ್ತು. ಕೈಗಳನ್ನು ಹಿಂದಕ್ಕೆ ತಿರುಚಿ ಕೋಳ ಹಾಕಿ, ರಸ್ತೆ ಕಡೆಯ ಕಂಬಿ ಕೋಣೆಗೆ ತಳ್ಳಿದರು. ಬಾಯಿಗೆ ಬಟ್ಟೆ ತುರುಕಿದ್ದರೆ ರಿಫಾತನಿಗೆ ಏನೂ ಆಗುತ್ತಿರಲಿಲ್ಲ. ಈಗ ಉಸಿರು ಕಟ್ಟಿತು.

ಸಂಜೆಗೆ ಮುಂಚೆ ಬದಾವಿಯ ಹೆಂಡತಿ ನಗಾತ್ ಬಂದಳು. ಅವಳೂ ಕಿವುಡಿ. ಸಂಘದಲ್ಲೇ ಅವರಿಬ್ಬರಿಗೆ ಗುರುತಾದದ್ದು. ಹೆಣ ಕೊಟ್ಟವರು ಅವಳಿಗೆ ಆಕಾಶ ತೋರಿಸಿದ್ದರು, ಬೇರೇನೂ ಹೇಳಿರಲಿಲ್ಲ. ಕಿಟಕಿಯ ಹೊರಗೆ ನಿಂತು ಕೇಳಿದಳು: "ಅಣ್ಣಾ, ನನ್ ಗಂಡ ಹೆಂಗ್ ಸತ್ತ?"

ರಿಫಾತ್ ಅವಳನ್ನು ನೋಡಿದ. ಕೈಯೆತ್ತಲು ಭುಜ ಜಗ್ಗಿದ. ಕೋಳ ಮಣಿಕಟ್ಟಿಗೆ ಕಚ್ಚಿತು.

"ಹೇಳಣ್ಣಾ. ನೀನೂ ಹೇಳ್ದಿದ್ರೆ ಇನ್ಯಾರ್ ಹೇಳ್ತಾರೆ?"

ಅವನು ಅವಳಿಗೆ ಬೆನ್ನು ತಿರುಗಿಸಿ ನಿಂತ. ಕೋಳದೊಳಗೆ ಬಾತುಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಎತ್ತಿದ. ವೈರು. ಮೂರು ಸಲ. ಹಾಜಿ. ಕೇಳಿಸಲಿಲ್ಲವೆಂದು ಬರೆದರು. ಮಾತು ತಲೆಕೆಳಗಾಗಿ, ತೊದಲು ತೊದಲಾಗಿ ಬರುತ್ತಿತ್ತು. ಅವಳಿಗೆ ತಿಳಿಯಿತೋ ಇಲ್ಲವೋ ಅವನಿಗೆ ಕಾಣುತ್ತಿರಲಿಲ್ಲ. ಕಂಬಿಯ ಸಂದಿಯಿಂದ ಒಂದು ಕೈ ಒಳಗೆ ಬಂದು ಅವನ ಬೆರಳುಗಳನ್ನು ಹಿಡಿದುಕೊಂಡಿತು. ತಡವಿತು. ಇನ್ನೊಮ್ಮೆ ಹೇಳು ಎನ್ನುವಂತೆ ಬಿಟ್ಟಿತು. ಅವನು ಇನ್ನೊಮ್ಮೆ ಹೇಳಿದ.

ತಿರುಗಿ ನೋಡುವಾಗ ಅವಳು ಅಲ್ಲಿರಲಿಲ್ಲ.

ಠಾಣೆಯ ಮುಂದೆ ಗಣಿಯ ಧಣಿ ಹಾಜಿ ಸಲ್ಲಾಮನ ಬಿಳಿ ಜೀಪು ನಿಂತಿತ್ತು. ಹಾಜಿ ಅಧಿಕಾರಿಯ ಕೈಕುಲುಕಿ ಮೆಟ್ಟಿಲಿಳಿದು ಬಂದ. ನಗಾತ್ ಎದುರಿಗೆ ನಿಂತು ಕೈಯೆತ್ತಿದಳು.

"ದೇವರ ಇಚ್ಛೆ ಕಣಮ್ಮ" ಎಂದು ಹಾಜಿ ಮುಖ ಪಕ್ಕಕ್ಕೆ ತಿರುಗಿಸಿದ. ಅವಳು ಆ ಪಕ್ಕಕ್ಕೆ ಹೋದಳು. ಅವನು ಈ ಕಡೆ ತಿರುಗಿದ. ಅವಳು ಈ ಕಡೆಗೆ ಬಂದಳು. ಹಾಜಿ ಸರಸರನೆ ಜೀಪು ಹತ್ತಿ ಗಾಜು ಏರಿಸಿಕೊಂಡ. ನಗಾತ್ ಜೀಪಿನ ಮುಂದೆ ಹೋಗಿ ನಿಂತಳು.

ಕಂಬಿಗೆ ಹಣೆ ಒತ್ತಿ ರಿಫಾತ್ ನೋಡುತ್ತಿದ್ದ. ಡ್ರೈವರ್ ಹಾರ್ನಿನ ಮೇಲೆ ಅಂಗೈ ಒತ್ತಿದ. ಎತ್ತಲೇ ಇಲ್ಲ. ಜೀಪು ಒಂದು ಗೇಣು ಮುಂದೆ ಬಂದು ಅವಳ ಮೊಣಕಾಲಿಗೆ ತಾಗಿತು. ಅವಳು ಕದಲಲಿಲ್ಲ.

ಹಾರ್ನ್ ಕೇಳಿ ಅಂಗಡಿಗಳಿಂದ, ಚಹಾದ ಹೋಟೆಲಿನಿಂದ ಜನ ಒಬ್ಬೊಬ್ಬರಾಗಿ ಹೊರಗೆ ಬಂದರು.

ನಗಾತ್ ಅವರ ಕಡೆ ತಿರುಗಿ, ಕೈಯೆತ್ತಿ, ಮೊದಲಿನಿಂದ, ವೈರಿನಿಂದ ಹೇಳತೊಡಗಿದಳು.