ಮ್ಯಾಟಿನ ಮೇಲೆ ಸರ್ವಮಂಗಳಮ್ಮ

ಗೂಳೂರು ದಾಟುತ್ತಿದ್ದಂತೆ ಉದಯಕುಮಾರನ ಕಾರಿನ ಹಿಂದಿನ ಬ್ರೇಕು ಕರ್ರೋ ಎಂದು ಅರಚತೊಡಗಿತು. ಪ್ಯಾಡು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಹೊಸ ಪ್ಯಾಡುಗಳು ಡಿಕ್ಕಿಯಲ್ಲೇ ಬಿದ್ದಿದ್ದವು. ನಾಳೆ ಹಾಕಿದರಾಯಿತು ಎಂದು ಈ ಮಹಾಶಯ ದಿನ ತಳ್ಳಿದ್ದ. ಹೊರಟಿದ್ದಾದರೂ ಎಲ್ಲಿಗೆ? ಗುಬ್ಬಿಯಿಂದ ಕುಣಿಗಲ್ಲಿಗೆ, ಹೆಣ್ಣು ನೋಡಲಿಕ್ಕೆ! ವಯಸ್ಸು ಮೂವತ್ತಾರು, ಬಂದ ಸಂಬಂಧಗಳೆಲ್ಲ ಏನೇನೋ ನೆಪಕ್ಕೆ ತಪ್ಪಿದ್ದವು. ಈ ಹುಡುಗಿ ಮಧುಶ್ರೀಯ ಜೊತೆ ಫೋನಿನಲ್ಲಿ ಮಾತಾಡಿದ ಮೇಲಂತೂ, ಇದೊಂದು ತಪ್ಪದಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದ.

ಹೊಂಗೆಮರದ ಹತ್ತಿರ ಹೆಚ್ಚು ಇಳಿಜಾರಿಲ್ಲದ ಜಾಗ ನೋಡಿ ನಿಲ್ಲಿಸಿದ. "ಅಮ್ಮ, ಇಳಿ. ಜಾಕ್ ಕೊಡ್ಬೇಕು, ಒಳಗೆ ಯಾರೂ ಇರಬಾರದು."

"ನಾನು ಇಳಿಯಾಕಿಲ್ಲ," ಎಂದರು ತಾಯಿ ಸರ್ವಮಂಗಳಮ್ಮ, ಹೂವಿನ ಬುಟ್ಟಿ ತಬ್ಬಿಕೊಂಡು. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅದಕ್ಕೆ ಮೊದಲೇ ಮನೆ ಬಿಡಿಸಿದ್ದು ಅವರೇ. "ಈಗ ಇಳಿದು ಹತ್ತಿದ್ರೆ ರಾಹುಕಾಲದಲ್ಲಿ ಹೊರಟಂಗಾಗ್ತದೆ ಕಣೋ. ಅರಸೀಕೆರೆ ಸಂಬಂಧ ಯಾಕೆ ತಪ್ತು? ನಿಮ್ಮಪ್ಪ ಎಲೆಅಡಿಕೆ ಉಗಿಯಾಕೆ ಇಳಿದಿದ್ದಕ್ಕೆ!"

"ಅಪ್ಪಾಜಿ ಈಗ್ಲೂ ಇಳಿದು ನಿಂತಿದಾರಲ್ಲಮ್ಮ."

"ಅವರನ್ನ ಲೆಕ್ಕಕ್ಕೆ ಹಿಡೀಬ್ಯಾಡ."

ಲೆಕ್ಕಕ್ಕಿಲ್ಲದ ಅಪ್ಪ ಗಂಗಣ್ಣನವರೇ ದಾರಿ ಹುಡುಕಿದರು. ಕಾರಿನ ಕಾಲಡಿಯ ರಬ್ಬರ್ ಮ್ಯಾಟುಗಳನ್ನು ತೆಗೆದು ನೆಲಕ್ಕೆ ಹಾಸಿದರು. "ಮ್ಯಾಟು ಕಾರಿಂದೇ ತಾನೆ? ಇದರ ಮೇಲಿದ್ರೆ ಕಾರಲ್ಲಿ ಇದ್ದಂಗೇ." ಸರ್ವಮಂಗಳಮ್ಮ ಯೋಚಿಸಿ ಒಪ್ಪಿದರು. ಗಂಡ ಹಿಂದಿನ ಮ್ಯಾಟು ಎತ್ತಿ ಮುಂದೆ ಹಾಕುತ್ತ ಹೋದಂತೆ ಹೆಂಡತಿ ಒಂದೊಂದೇ ಹೆಜ್ಜೆಯಿಟ್ಟು ಮರದಡಿ ತಲುಪಿ ಕೂತರು. ಕೂತವರೇ, ಕಾರು ಓಡುತ್ತಿದೆಯೇನೋ ಎಂಬಂತೆ, "ಮುಂದಿನೂರು ಹೆಬ್ಬೂರು ಬಂತಾ?" ಎಂದು ಕೇಳಿದರು. "ಇನ್ನೂ ಇಲ್ಲ," ಎಂದರು ಗಂಗಣ್ಣ.

ಉದಯಕುಮಾರ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ನಟ್ಟು ಸಡಿಲಿಸಿ, ಜಾಕ್ ಎತ್ತಿ, ಚಕ್ರ ಬಿಚ್ಚಿದ. ಬರೀ ಜಾಕನ್ನು ನಂಬಬಾರದೆಂದು ಬಿಚ್ಚಿದ ಚಕ್ರವನ್ನೇ ಕಾರಿನಡಿಗೆ ತಳ್ಳಿದ. ಹ್ಯಾಂಡ್‌ಬ್ರೇಕು ಹಾಕಿದ್ದರೆ ಹಿಂದಿನ ಪ್ಯಾಡು ಜಪ್ಪಯ್ಯ ಅಂದರೂ ಬರುವುದಿಲ್ಲವಲ್ಲ, ಅದನ್ನೂ ಬಿಟ್ಟ. ಗೇರಿಗೆ ಹಾಕುವುದನ್ನು ಮಾತ್ರ ಮರೆತ. ಪ್ಯಾಡನ್ನು ಅವುಚಿ ಹಿಡಿದಿರುವ ಕ್ಯಾಲಿಪರಿನ ಬೋಲ್ಟು ಬಿಚ್ಚಿ, ಬ್ರೇಕಿನ ಪೈಪು ಜಗ್ಗದಂತೆ ಅದನ್ನು ಮೇಲಕ್ಕೆ ಕಟ್ಟಬೇಕು. ದಾರವಿಲ್ಲ. ಮಧುಶ್ರೀಗೆ ಕೊಡಲು ತಂದಿದ್ದ ರೇಷ್ಮೆ ರವಿಕೆ ಕಣದಲ್ಲೇ ಕಟ್ಟಿದ.

ಅಷ್ಟರಲ್ಲಿ ತೆಂಗಿನಕಾಯಿ ತುಂಬಿದ ಪಿಕಪ್ಪೊಂದು ನಿಂತಿತು. ಓಡಿಸುತ್ತಿದ್ದ ಚಿಕ್ಕರಂಗಯ್ಯ ಗುಬ್ಬಿ ಸಂತೆಯ ಪರಿಚಯದವನು. "ಯಾಕ್ರಮ್ಮ ಮರದಡಿ ಕೂತಿದೀರಾ? ಬನ್ನಿ, ಕುಣಿಗಲ್‌ಗೆ ಬುಡ್ತೀನಿ."

"ಬ್ಯಾಡ ಕಣಪ್ಪ, ನಾನು ಕಾರಲ್ಲಿದೀನಿ."

ಚಿಕ್ಕರಂಗಯ್ಯ ಆಕೆಯನ್ನೂ ಆಚೆ ನಿಂತ ಕಾರನ್ನೂ ನೋಡಿ ಗಾಡಿ ಎಬ್ಬಿಸಿದ. ಆ ಗಾಳಿಗೆ ಮ್ಯಾಟಿನ ಅಂಚು ಮೇಲೆದ್ದಿತು. "ರೀ! ಕಾರು ಹಾರ್ತೈತೆ!" ಎಂದು ಸರ್ವಮಂಗಳಮ್ಮ ಕಿರುಚಿದರು. ಹೆದರಿದ ಗಂಗಣ್ಣ ಕೈಗೆ ಸಿಕ್ಕ ಕಲ್ಲನ್ನು ತಂದು ಮ್ಯಾಟಿನ ಮೇಲಿಟ್ಟರು. ಸಿಕ್ಕಿದ್ದು ಮುಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲು.

ಕಾರು ಕದಲಿತು. ಜಾಕ್ ಓರೆಯಾಯಿತು. ಹಳೇ ಪ್ಯಾಡನ್ನು ಹಿಡಿದ ಕೈಯನ್ನು ಉದಯಕುಮಾರ ಈಚೆ ಎಳೆದುಕೊಳ್ಳುವುದಕ್ಕೂ ಕಾರು ಧಡ್ ಎಂದು ಕೂರುವುದಕ್ಕೂ ಸರಿಹೋಯಿತು. ಅಡಿಗೆ ತಳ್ಳಿದ್ದ ಚಕ್ರ ತಡೆಯಿತು.

"ಉದಯಾ!" ಮ್ಯಾಟು, ಹೂವು, ರಾಹುಕಾಲ ಎಲ್ಲ ಬಿಟ್ಟು ಸರ್ವಮಂಗಳಮ್ಮ ಬರಿಗಾಲಲ್ಲಿ ಓಡಿಬಂದರು. ಮಗನ ಬೆರಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ಬೆನ್ನಿಗೊಂದು ಗುದ್ದು ಕೊಟ್ಟು ಗೊಳೋ ಎಂದು ಅತ್ತರು. "ಹಾಳಾಗೋಗ್ಲಿ ಸಂಬಂಧ! ನಿಂಗೇನಾದ್ರೂ ಆಗಿದ್ರೆ ನಾನು ಹೆಂಗೋ ಬದುಕ್ಲಿ?" ಅವನಿಗೂ ಕಣ್ಣು ತುಂಬಿಬಂತು.

ಕಲ್ಲು ಮತ್ತೆ ಕೊಟ್ಟು, ಗೇರಿಗೆ ಹಾಕಿ, ಜಾಕ್ ಎತ್ತಿ ಕೂರುವಷ್ಟರಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ಹೆಣ್ಣಿನ ತಂದೆ ರೇಣುಕಾಪ್ರಸಾದರು. ಸ್ಪೀಕರಿನಲ್ಲಿ ಅವರ ದನಿ ಗಟ್ಟಿಯಾಗಿಯೇ ಕೇಳಿತು. "ಹತ್ತೂವರೆ ಒಳಗೆ ಹೊರಟ್ರಿ ತಾನೆ? ನಮ್ಮನೇಲಿ ಅದನ್ನೆಲ್ಲ ಬಾಳ ನೋಡ್ತೀವಿ."

ಹ್ಞೂಂ ಅಂದರೆ ಸಾಕಿತ್ತು. ಸರ್ವಮಂಗಳಮ್ಮ ಮಣ್ಣು ಮೆತ್ತಿದ ತಮ್ಮ ಕಾಲು ನೋಡಿಕೊಂಡರು.

"ಇಲ್ಲ ಸ್ವಾಮಿ. ನಾನು ಕೆಳಗೆ ಇಳಿದ್ಬುಟ್ಟೆ. ಇನ್ನು ಹೊರಡೋದು ರಾಹುಕಾಲದಲ್ಲೇ. ನನ್ನ ಮಗ ಬ್ರೇಕ್ ಪ್ಯಾಡ್ ಹಾಕ್ತಾವ್ನೆ, ಬೇಗ ಮಾಡು ಅಂತ ನಾನು ಹೇಳಾಕಿಲ್ಲ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಹೇಳ್ಬುಡಿ."

ಉದಯಕುಮಾರನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಮುಗಿಯಿತು, ಇದೂ ಹೋಯಿತು ಅಂದುಕೊಂಡ. ಫೋನು ಕೈ ಬದಲಾದ ಸದ್ದಾಗಿ, ಮಧುಶ್ರೀಯ ದನಿ ಬಂತು.

"ಅತ್ತೆ, ಹೊಸ ಪ್ಯಾಡ್ ಹಾಕಿದ್ಮೇಲೆ ಬ್ರೇಕ್ ಪೆಡಲ್ ಗಟ್ಟಿ ಆಗೋವರ್ಗೂ ತುಳಿದು ತುಳಿದು ನೋಡಿ, ಆಮೇಲೆ ಹೊರಡೋಕೆ ಹೇಳಿ. ಎಷ್ಟೊತ್ತಾದ್ರೂ ಆಗ್ಲಿ, ಕಾಯ್ತಿರ್ತೀನಿ."

ಫೋನು ಕಟ್ಟಾಯಿತು.

"ಏನಂದ್ಲೋ?" ಎಂದರು ಸರ್ವಮಂಗಳಮ್ಮ.

"ಪೆಡಲ್ ತುಳೀಬೇಕಂತೆ."

"ಅದಲ್ಲ ಕಣೋ, ಅದಕ್ಕೆ ಮೊದಲು? ನನ್ನ ಏನಂತ ಕರೆದ್ಲು?"