ತುಟಿಮಾತು

ಬಟ್ಟೆ ಗಿರಣಿಯಲ್ಲಿ ದುಡಿದವರಿಗೆ ಎರಡು ಮಾತು ಬರುತ್ತವೆ. ಒಂದು ಎಲ್ಲರಂತೆ ಬಾಯಿಮಾತು, ಇನ್ನೊಂದು ತುಟಿಮಾತು. ಸಾಲುಸಾಲು ಯಂತ್ರಗಳು ಗಡಗಡಿಸುವ ಕಡೆ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿನವರು ದನಿಯನ್ನು ನುಂಗಿಕೊಂಡು ಬರೀ ತುಟಿ ಆಡಿಸುತ್ತಾರೆ. ಎದುರಿಗಿದ್ದವರು ನೋಡಿ ತಿಳಿದುಕೊಳ್ಳುತ್ತಾರೆ. ಅಕ್ಕನಿಗೆ ಈ ವಿದ್ಯೆ ನೂಲುವ ವಿಭಾಗದಲ್ಲಿ ಕಡಿದ ಎಳೆ ಸೇರಿಸುತ್ತ ಸೇರಿಸುತ್ತ ಕೈವಶವಾಗಿತ್ತು. ತಾಯಿ ತೀರಿಕೊಂಡಾಗ ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ, ತುಟಿಮಾತು ಕಲಿಸಿದವಳೂ ಅವಳೇ. ರಾತ್ರಿಪಾಳಿ ಮುಗಿಸಿ ಮಲಗಿದ ಅಪ್ಪನಿಗೆ ಎಚ್ಚರವಾಗಬಾರದೆಂದು ಅಕ್ಕತಮ್ಮ ಅಡಿಗೆಮನೆಯಲ್ಲಿ ತುಟಿಯಲ್ಲೇ ಜಗಳವಾಡಿ ತುಟಿಯಲ್ಲೇ ರಾಜಿಯಾಗುತ್ತಿದ್ದರು.

ಅದೆಲ್ಲ ಹಳೆಯ ಮಾತು. ಈಗ ತಮ್ಮನ ತಲೆಯೂ ನರೆತಿದೆ. ಅವನು ಕೆಂಪು ಬಾವುಟದ ಪಕ್ಷಕ್ಕೆ ಆ ಊರಿನ ಕಾರ್ಯದರ್ಶಿ, ಅಕ್ಕ ಮುಖಂಡಳು. ಪಕ್ಷವನ್ನು ಗಿರಣಿಯ ಊಟದ ಕೋಣೆಯಲ್ಲಿ ಹುಟ್ಟಿಸಿದವನು ಅವಳ ಗಂಡ. ಯಂತ್ರ ರಿಪೇರಿಯ ಮೇಸ್ತ್ರಿಯಾಗಿದ್ದವನು; ಊರೆಲ್ಲ ಅವನನ್ನು ಮೇಸ್ತ್ರಿ ಎಂದೇ ಕರೆಯಿತು. ಹೋದ ವರ್ಷ ಅವನು ಕಣ್ಣು ಮುಚ್ಚಿದ ಮೇಲೆ ಎಲ್ಲರೂ ಸೇರಿ ಅಕ್ಕನನ್ನು ಅವನ ಕುರ್ಚಿಯಲ್ಲಿ ಕೂರಿಸಿದ್ದರು.

ಮೇಸ್ತ್ರಿ ದೇವರನ್ನು ನಂಬಿದವನಲ್ಲ. ಅಕ್ಕ ನಂಬಿದವಳು. ಬೆಳಕು ಹರಿಯುವ ಮೊದಲೇ ಎದ್ದು, ಮಲಗುವ ಕೋಣೆಯ ಮೂಲೆಯಲ್ಲಿ ಕಣ್ಣುಮುಚ್ಚಿ ಕೂತು, ಅವಳ ಅಜ್ಜಿ ಕಲಿಸಿದ ನಾಲ್ಕು ಸಾಲಿನ ಪ್ರಾರ್ಥನೆಯನ್ನು ಹೇಳಿಕೊಳ್ಳುವಳು. ಅಷ್ಟರಲ್ಲಿ ಗಂಡ ಎದ್ದು ಸದ್ದಾಗದಂತೆ ಟೀ ಕಾಸುವನು. "ಮಾತಾಡಿ ಆಯ್ತಾ? ಟೀ ಆರ್ತಿದೆ ಅಂತ ನಿಮ್ಮ ದೇವರಿಗೂ ಒಂದು ಮಾತು ಹೇಳು" ಎನ್ನುವನು. ಒಂದು ದಿನವೂ ಬೇಡ ಎನ್ನಲಿಲ್ಲ, ಒಂದು ದಿನವೂ ಜೊತೆಗೆ ಕೂರಲಿಲ್ಲ.

ಚುನಾವಣೆ ಹತ್ತಿರ ಬಂದಿತ್ತು. ಮುಖಂಡರಾದವರೇ ಚುನಾವಣೆಗೆ ನಿಲ್ಲುವುದು ಪಕ್ಷದ ರೂಢಿ. ಮುಖಂಡರನ್ನು ಆರಿಸುವ ಸಭೆಯ ಹಿಂದಿನ ಸಂಜೆ ತಮ್ಮ ಊಟಕ್ಕೆ ಬಂದ. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತ ಹೇಳಿದ:

"ಅಕ್ಕ, ಈ ಸಲವೂ ಸೋತ್ರೆ ನಮ್ಮ ಕಚೇರಿಲಿ ಇಲಿಗಳೇ ಸಭೆ ಮಾಡ್ಬೇಕು."

"ಇಲಿಗಳಾದ್ರೂ ಹೊತ್ತಿಗೆ ಸರಿಯಾಗಿ ಬರ್ತಾವೆ" ಎಂದಳು ಅಕ್ಕ.

"ತಮಾಷೆ ಬಿಡು. ಮನೆಮನೆ ತಿರುಗಿ ಬಂದಿದ್ದೀನಿ. ಕೂಲಿ ವಿಷಯ ಎತ್ತಿದ್ರೆ ಹೌದು ಅಂತಾರೆ. ನೀರಿನ ವಿಷಯ ಎತ್ತಿದ್ರೆ ಹೌದು ಅಂತಾರೆ. ಕೊನೆಗೆ, ಎಲ್ಲಾ ಸರಿಯಪ್ಪ, ನೀವು ದೇವರಿಲ್ಲ ಅನ್ನೋರಲ್ವಾ ಅಂತ ಬಾಗಿಲು ಹಾಕ್ಕೊಳ್ತಾರೆ."

"ನಾನು ನಂಬ್ತೀನಿ ಅಂತ ಊರಿಗೇ ಗೊತ್ತಲ್ಲೋ."

"ನಿನ್ನದು ಲೆಕ್ಕಕ್ಕೆ ಬರಲ್ಲಕ್ಕ. ಪಕ್ಷ ಅಂದ್ರೆ ಜನಕ್ಕೆ ಇವತ್ತಿಗೂ ಭಾವನೇ. ಭಾವ ಕೊನೆಗಳಿಗೇಲಿ ಏನು ಕೇಳಿದ್ರು ಅನ್ನೋದು ಜನಕ್ಕೆ ಗೊತ್ತಾದ್ರೆ..." ಅವನು ತಲೆ ಎತ್ತಲಿಲ್ಲ. "ನಾನು ಬಾಗಿಲಲ್ಲೇ ನಿಂತಿದ್ದೆ. ನೋಡಿದ್ದೀನಿ."

ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು.

ಹೋದ ವರ್ಷ ಆ ಕೊನೆಗಳಿಗೆಯ ಹೊತ್ತಿಗೆ ಮೇಸ್ತ್ರಿಯ ದನಿ ಹೋಗಿ ಬರೀ ತುಟಿ ಉಳಿದಿತ್ತು. ಡಾಕ್ಟರು ಬಂದು ಹೋದರು. ಅವರಿಗೆ ಏನೂ ತಿಳಿಯಲಿಲ್ಲ. ಗಿರಣಿಯವರಿಗೆ ಮಾತ್ರ ತಿಳಿಯುವಂತೆ ಅವನು ಮಾತಾಡುತ್ತಿದ್ದ. ಮಂಚದ ಒಂದು ಕಡೆ ಬಾಗಿಲು, ಅಲ್ಲಿ ತಮ್ಮ. ಇನ್ನೊಂದು ಕಡೆ ಅಕ್ಕ; ಅವಳ ಬೆನ್ನಿಗೆ ಬಟ್ಟೆಯ ಬೀರು, ಬೀರುವಿನ ಬಾಗಿಲಿಗೆ ಮದುವೆಯ ಕಾಲದ ಕನ್ನಡಿ. ಮೇಸ್ತ್ರಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದ; ಅಕ್ಕ ಅವನ ಮೇಲೆ ಬಾಗಿ ತುಟಿ ನೋಡುತ್ತಿದ್ದಳು. "ನೀನು ದಿನಾ ಹೇಳ್ತೀಯಲ್ಲ, ಅದನ್ನ ಹೇಳು" ಎಂದು ತುಟಿ ಆಡಿಸಿದ. ಆಮೇಲೆ ಕಷ್ಟಪಟ್ಟು ಅವಳ ಕಡೆ ಹೊರಳಿ ಮತ್ತೆ ತುಟಿ ಆಡಿಸಿದ: "ನನಗಲ್ಲ. ನಿನಗೆ ಧೈರ್ಯ ಬರ್ಲಿ ಅಂತ."

ಅವಳು ಹೇಳಿದಳು. ಹೇಳುವಾಗ ಅವನ ತುಟಿಯೂ ಆಡಿತು. ತನ್ನ ಜೊತೆ ಹೇಳಿಕೊಂಡನೋ, ಉಸಿರಿಗಾಗಿ ಒದ್ದಾಡಿದನೋ, ತುಟಿ ಓದುವುದರಲ್ಲಿ ಪಳಗಿದ ಅವಳಿಗೂ ತಿಳಿಯಲಿಲ್ಲ. ವರ್ಷವೆಲ್ಲ ಅವಳು ದೇವರನ್ನು ಬೇಡಿದ್ದು ಅದೊಂದನ್ನೇ: ಅವನು ನನ್ನ ಜೊತೆ ಹೇಳಿದ ಎಂದೇ ನೀನು ಎಣಿಸಿಕೋ. ಆ "ನನಗಲ್ಲ" ಎಂಬುದನ್ನು ಅವಳು ಹೊರಗೆ ಯಾರಿಗೂ ಹೇಳಿರಲಿಲ್ಲ. ತಮ್ಮನಿಗೆ ಅದು ಕಂಡಿರಲಾರದೆಂದೇ ತಿಳಿದಿದ್ದಳು. ಆಗ ಅವನ ಕಡೆ ಇದ್ದದ್ದು ಮೇಸ್ತ್ರಿಯ ಬೆನ್ನು.

"ಅದು ಈ ಮನೆ ಮಾತು ಕಣೋ" ಎಂದಳು. "ಹೊಸ್ತಿಲು ದಾಟಬಾರದು. ಓಟಿಗೋಸ್ಕರ ಅಂತೂ ಬೇಡವೇ ಬೇಡ."

ತಮ್ಮ ಅವಳ ಮುಖ ನೋಡಿದ. "ಆಯ್ತು ಬಿಡು. ನಿನ್ನಾಣೆ, ದಾಟಲ್ಲ. ಸ್ವಲ್ಪ ಸಾರು ಬಡಿಸು."

ಬಡಿಸಿದಳು.

ಸಭೆ ನಡೆಯುವುದು ಗಿರಣಿಯ ಹಿಂದಿನ ಉದ್ದನೆಯ ಹಾಲಿನಲ್ಲಿ. ಹಿಂದೆ ಹತ್ತಿಯ ಗೋದಾಮಾಗಿದ್ದ ಜಾಗ. ಮಳೆಗಾಲದಲ್ಲಿ ಈಗಲೂ ಹತ್ತಿಯ ಮುಗ್ಗಲು ವಾಸನೆ ಬರುತ್ತದೆ. ಅಲ್ಲಿ ಚೀಟಿ ಹಾಕಿ ಆರಿಸುವ ಪದ್ಧತಿಯಿಲ್ಲ. ಮೊದಮೊದಲು ಸೇರಿದವರಿಗೆ ಓದುಬರಹ ಬರುತ್ತಿರಲಿಲ್ಲವಾಗಿ ಮೇಸ್ತ್ರಿ ಒಂದು ಏರ್ಪಾಡು ಮಾಡಿದ್ದ. ಇದ್ದವರೇ ಇರಲಿ ಎನ್ನುವವರು ಬಾಗಿಲ ಕಡೆಯ ಗೋಡೆಗೆ ಹೋಗಿ ನಿಲ್ಲಬೇಕು. ಬೇರೆಯವರು ಬರಲಿ ಎನ್ನುವವರು ಕಿಟಕಿ ಕಡೆಯ ಗೋಡೆಗೆ. ಮನಸ್ಸಿನಲ್ಲಿದ್ದದ್ದನ್ನು ಮುಖ ತೋರಿಸಿ ಹೇಳಬೇಕು ಎಂಬುದು ಅವನ ಹಟ. ಇನ್ನೊಂದು ಕಟ್ಟಳೆಯೂ ಇತ್ತು: ಸೋತವರು ಗೆದ್ದವರ ಕೈಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಬೇಕು. ಹೊರಗೆ ಹೋದ ಮೇಲೆ ಗುಂಪು ಕಟ್ಟಬಾರದೆಂದು ಹಾಗೆ.

ಆ ದಿನ ಬೇರೆ ಹೆಸರು ಬರುತ್ತದೆಂದು ಅಕ್ಕ ಎಣಿಸಿರಲಿಲ್ಲ. "ಬೇರೆ ಯಾರಾದ್ರೂ ಇದ್ದೀರಾ?" ಎಂದು ಕೇಳಿ ಕುಳಿತುಕೊಳ್ಳುವಷ್ಟರಲ್ಲಿ ಮೊದಲ ಸಾಲಿನಿಂದ ತಮ್ಮ ಎದ್ದ.

"ಕಾಮ್ರೇಡ್‌ಗಳೇ, ನಾನಿದ್ದೀನಿ" ಎಂದ. ಅಕ್ಕನ ಕಡೆ ತಿರುಗಲಿಲ್ಲ. ಮನೆಮನೆಯ ಸುದ್ದಿ ಹೇಳಿದ, ಮುಚ್ಚಿಕೊಂಡ ಬಾಗಿಲುಗಳ ಕತೆ ಹೇಳಿದ. ಆಮೇಲೆ ದನಿ ತಗ್ಗಿಸಿದ. "ನಮ್ಮ ಮೇಸ್ತ್ರಿ ಕೊನೆ ಉಸಿರಲ್ಲಿ ಹೆಂಡತಿ ಹತ್ರ ಪ್ರಾರ್ಥನೆ ಹೇಳಿಸಿಕೊಂಡು ಹೋದ್ರು. ಇದನ್ನ ನಾವು ಯಾಕೆ ಬಚ್ಚಿಡ್ಬೇಕು? ಇದನ್ನ ಊರಿಗೆ ಹೇಳಿದ್ರೆ ಗೆಲ್ತೀವಿ. ಅಕ್ಕ ಹೇಳೋಕೆ ಬಿಡಲ್ಲ. ಅದಕ್ಕೇ ನಾನು ನಿಂತಿದ್ದೀನಿ."

ಹಾಲಿನಲ್ಲಿ ಬೆಂಚುಗಳು ಕಿರುಗುಟ್ಟಿದವು. ಅಕ್ಕನಿಗೆ ಕಿವಿಯಲ್ಲಿ ಹಳೆಯ ಯಂತ್ರಗಳ ಗಡಗಡ ಶುರುವಾಯಿತು. ಎಲ್ಲರ ತುಟಿಗಳೂ ಕಾಣುತ್ತಿದ್ದವು. ಅಷ್ಟೂ ತುಟಿಗಳ ಮೇಲೆ ತನ್ನ ಮಲಗುವ ಕೋಣೆ ಇತ್ತು.

ಹಿಂದಿನ ಬೆಂಚಿನಿಂದ ಕತ್ತರಿ ತಾತ ಎದ್ದ. ಅವನು ಕ್ಷೌರದ ಅಂಗಡಿಯವನು. ಮೇಸ್ತ್ರಿಯ ಗೆಳೆಯ, ದೇವರ ಹೆಸರು ಎತ್ತಿದರೆ ಉರಿದುಬೀಳುವವನು. ದೇವರು ಇದ್ದಿದ್ದರೆ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ತನ್ನ ಅಂಗಡಿಗೆ ಗಡ್ಡಕ್ಕೆ ಬರುತ್ತಿದ್ದ ಎನ್ನುವುದು ಅವನ ವಾದ.

"ಇವನು ಹೇಳಿದ್ದು ನಿಜವೇನಮ್ಮ?" ಎಂದು ಕೇಳಿದ.

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಮಾತನ್ನು ಅನುಮಾನಿಸುವವರು ಆ ಹಾಲಿನಲ್ಲಿ ಇರಲಿಲ್ಲ. ಪೂರ್ತಿ ಹೇಳಿದ್ದರೂ ತಮ್ಮನ ಬಾಯಿ ಮುಚ್ಚಿಹೋಗುತ್ತಿತ್ತು. ಆದರೆ ಆ ಇನ್ನೊಂದು ಮಾತನ್ನು ಇಷ್ಟು ಜನರ ನಡುವೆ ಬಿಡಿಸಿಟ್ಟು, ಅವನು ನಂಬಿದನೋ ಇಲ್ಲವೋ ಎಂದು ಬೆಂಚು ಬೆಂಚಿನಲ್ಲಿ ವಾದ ನಡೆಯುವುದನ್ನು ಅವಳು ಕೂತು ಕೇಳಬೇಕಾಗಿತ್ತು. ಅದು ಅವಳಿಂದಾಗದು. ಸುಳ್ಳನ್ನಂತೂ, ಬೆಳಗ್ಗೆ ದೇವರ ಮುಂದೆ ತೆರೆಯಬೇಕಾದ ಬಾಯಿಂದ ಆಡಲಾರಳು.

"ಹೇಳು ಅಂದದ್ದು ನಿಜ" ಎಂದಳು.

"ಹಾಗಾದ್ರೆ ಅದು ಅವನು ನಿನಗೆ ಹೇಳಿದ ಮಾತು. ನಮಗಲ್ಲ" ಎಂದ ತಾತ. "ನಂಬೋನು ನಂಬ್ಲಿ, ಬಿಡೋನು ಬಿಡ್ಲಿ. ಸತ್ತೋನ ಹಾಸಿಗೆ ಕೊಡವಿ ಓಟು ಉದುರುತ್ತಾ ಅಂತ ನೋಡೋ ಪಕ್ಷಕ್ಕೆ ನಾನು ಸೇರಿದ್ದಲ್ಲ." ಹೀಗೆಂದು ಕೋಲೂರಿಕೊಂಡು ಬಾಗಿಲ ಕಡೆಯ ಗೋಡೆಗೆ ಹೋಗಿ ನಿಂತ.

ಅವನ ಹಿಂದೆ ಕೆಲವರು ಬಂದರು. ಉಳಿದವರು ನೆಲ ನೋಡುತ್ತ ಕಿಟಕಿಯ ಕಡೆ ಸರಿದರು. ಎದುರುಮನೆಯವಳು, ಅಕ್ಕನ ಜೊತೆ ಒಂದೇ ಯಂತ್ರಕ್ಕೆ ನಿಂತು ದುಡಿದವಳು, ನಡುವೆ ಬಹಳ ಹೊತ್ತು ನಿಂತಳು. "ನನ್ನ ಮಕ್ಕಳಿಗೆ ಕೆಲಸ ಬೇಕಕ್ಕ, ಒಂದ್ಸಲ ಆದ್ರೂ ಗೆಲ್ಬೇಕು" ಎಂದು ದನಿಯಿಲ್ಲದೆ ತುಟಿ ಆಡಿಸಿ ಅವಳೂ ಕಿಟಕಿಯ ಕಡೆ ಹೋದಳು. ಎಣಿಸುವ ಅಗತ್ಯವೇ ಬೀಳಲಿಲ್ಲ. ಕಿಟಕಿಯ ಕಡೆ ಬೆಳಕೇ ಮರೆಯಾಗಿತ್ತು.

ಅಕ್ಕ ಎದ್ದು ತಮ್ಮನ ಕೈ ಹಿಡಿದಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿದ ಕೈ. ಬೆವರಿತ್ತು.

"ಗೆದ್ದ ಮೇಲೆ ನಿನಗೇ ಅರ್ಥ ಆಗುತ್ತಕ್ಕ" ಎಂದು ಅವನು ಪಿಸುಗುಟ್ಟಿದ.

"ಕೂತ್ಕೋ" ಎಂದಳು. ಅದು ಮೇಸ್ತ್ರಿ ತಾನೇ ಬೆಸುಗೆ ಹಾಕಿದ ಕಬ್ಬಿಣದ ಕುರ್ಚಿ. "ಒಂದು ಕಾಲು ಮೋಟು. ಎಡಗಡೆ ಒರಗಬೇಡ, ಬೀಳ್ತೀಯ."

"ಆ ಭಯ ಬೇಡಮ್ಮ" ಎಂದ ಬಾಗಿಲ ಬಳಿಯಿಂದ ಕತ್ತರಿ ತಾತ. "ಇನ್ನು ಮೇಲೆ ಇವನು ಆ ಕಡೆ ಒರಗಲ್ಲ."

ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ಅಕ್ಕ ಪ್ರಾರ್ಥನೆಗೆ ಕೂತಿದ್ದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬೀದಿಯ ತುದಿಯಿಂದ ಧ್ವನಿವರ್ಧಕ ಕೂಗುತ್ತ ಬಂತು: "ಮೇಸ್ತ್ರಿ ಕೊನೆಯ ಗಳಿಗೆಯಲ್ಲಿ ನೆನೆದದ್ದು ದೇವರನ್ನು! ಮೇಸ್ತ್ರಿಯ ಪಕ್ಷಕ್ಕೇ ನಿಮ್ಮ ಮತ!" ಆಮೇಲೆ ಯಾವುದೋ ಹುಡುಗಿಯ ಎಳೆಯ ದನಿಯಲ್ಲಿ ಅಜ್ಜಿಯ ಅದೇ ನಾಲ್ಕು ಸಾಲು. ಅದನ್ನು ತಮ್ಮನಿಗೆ ಬಾಯಿಪಾಠ ಮಾಡಿಸಿದ್ದವಳೂ ಅಕ್ಕನೇ.

ವಾಹನ ಅವಳ ಬಾಗಿಲಲ್ಲೇ ನಿಂತಿತು. ಅವಳು ಎದ್ದು ಹೊರಗೆ ಬಂದಳು. ತಮ್ಮ ವಾಹನದ ಮೇಲೆ ನಿಂತು, ಹತ್ತು ಎಂದು ಕೈ ಚಾಚಿದ. ಅವಳು ಪಕ್ಕದಲ್ಲಿ ನಿಂತರೆ ಜನರ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆಂಬ ಲೆಕ್ಕ ಅವನದು. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಕೂಗಿದರೂ ಕೇಳಿಸದಷ್ಟು ಗದ್ದಲ.

ಅಕ್ಕ ಅಂಗಳದಲ್ಲೇ ನಿಂತು ತುಟಿ ಆಡಿಸಿದಳು. ಒಂದೊಂದು ಮಾತನ್ನೂ ಬಿಡಿಸಿ, ಹಾಲುಹಲ್ಲಿನ ಮಗುವಿಗೆ ಕಲಿಸಿದ ಹಾಗೆ:

"ನೀನು ನೋಡಿದ್ದು ಅರ್ಧ. ಆಮೇಲೆ ನನ್ನ ಕಡೆ ತಿರುಗಿ, ನನಗಲ್ಲ, ನಿನಗೆ ಧೈರ್ಯ ಬರ್ಲಿ ಅಂತ ಅಂದ್ರು. ಗೊತ್ತಿಲ್ಲದೆ ಮಾಡಿದ್ದೀಯ. ಇನ್ನಾದ್ರೂ ನಿಲ್ಸು."

ಅವನಿಗೆ ಗೊತ್ತಿಲ್ಲ ಎಂಬುದೊಂದೇ ಅಷ್ಟು ದಿನ ಅವಳು ಅವನಿಗಾಗಿ ಉಳಿಸಿಕೊಂಡಿದ್ದ ಕ್ಷಮೆ.

ತಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಅವನ ತುಟಿಯೂ ಆಡಿತು.

"ಗೊತ್ತಿತ್ತಕ್ಕ. ಕನ್ನಡಿಲಿ ಕಂಡಿತ್ತು."

ಅವನು ವಾಹನದ ಚಾವಣಿಯನ್ನು ಎರಡು ಸಲ ತಟ್ಟಿದ. ವಾಹನ ಮುಂದೆ ಹೋಯಿತು.

ಅಕ್ಕ ಒಳಗೆ ಬಂದಳು. ಅಡಿಗೆಮನೆಯಲ್ಲಿ ಟೀ ಕಾಸುವವರು ಯಾರೂ ಇರಲಿಲ್ಲ. ಮಲಗುವ ಕೋಣೆಗೆ ಹೋಗಿ ಬೀರುವಿಗೆ ಹೆಗಲು ಕೊಟ್ಟು ನೂಕಿದಳು. ಭಾರವಾಗಿತ್ತು, ಕಾಲುಗಳು ನೆಲವನ್ನು ಗೀಚಿದವು. ನಿಂತು ನಿಂತು ನೂಕಿ, ಕನ್ನಡಿ ಪೂರ್ತಿ ಗೋಡೆಯ ಕಡೆ ತಿರುಗುವವರೆಗೂ ಬಿಡಲಿಲ್ಲ. ಇನ್ನು ಬಟ್ಟೆ ಬೇಕೆಂದಾಗಲೆಲ್ಲ ಅದನ್ನು ಎಳೆಯಬೇಕು. ಎಳೆದರಾಯಿತು.

ಆಮೇಲೆ ಮೂಲೆಯಲ್ಲಿ ಕೂತು, ಧ್ವನಿವರ್ಧಕ ಮುಂದಿನ ಬೀದಿಗೆ ಹೊರಳುವವರೆಗೂ ಕಾದು, ಮತ್ತೆ ಮೊದಲ ಸಾಲಿನಿಂದ ಶುರುಮಾಡಿದಳು.